ಮಗನ ಥೈರಾಯ್ಡ್, ತಮ್ಮನ ಥೈರಾಯ್ಡ್

ಥೈರಾಯ್ಡ್ ಅಂದರೆ ಹೆಂಗಸರ ಕಾಯಿಲೆ ಅನ್ನುವುದು ನಮ್ಮ ಕಡೆಯ ರೂಢಿ ಮಾತು. ಹೆಂಗಸರಲ್ಲೇ ಅದು ಹೆಚ್ಚು ಅನ್ನುವುದೂ ನಿಜ. ಆದರೆ ನಮ್ಮ ಮನೆಯಲ್ಲಿ ಅದು ಮೊದಲು ಹಿಡಿದದ್ದು ನನ್ನ ಮಗನನ್ನು, ಆಮೇಲೆ ನನ್ನ ತಮ್ಮನನ್ನು. ಇಬ್ಬರಲ್ಲೂ ಅದರ ಗುರುತು ಸಿಕ್ಕಿದ್ದು ನಾವು ಯಾರೂ ಬಾಯಿಬಿಟ್ಟು ಮಾತಾಡದ ಜಾಗದಲ್ಲಿ. ಮಗನ ಬೀಜ ವಯಸ್ಸಿಗೆ ಮೀರಿ ಬೆಳೆದಿದ್ದವು. ತಮ್ಮನಿಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಇಬ್ಬರನ್ನೂ ಕೇಳಿ, ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾವುದಾದರೂ ಮನೆಯಲ್ಲಿ ಇಂಥದ್ದೇ ಹುಡುಗನೊಬ್ಬ ಇದ್ದರೆ ಅವನ ಅಪ್ಪ ಅಮ್ಮನಿಗೆ ಇದು ಬೇಗ ಕಣ್ಣಿಗೆ ಬೀಳಲಿ ಅನ್ನುವ ಆಸೆ ನನ್ನದು.

ನಮ್ಮದು ಮೂಡಿಗೆರೆ ಸೀಮೆ. ಆಗ ಮಗ ನಾಲ್ಕನೇ ಕ್ಲಾಸು. ಮಾತು ಕಡಿಮೆ, ಹಟವಿಲ್ಲ, ಕೂರಿಸಿದಲ್ಲಿ ಕೂರುತ್ತಿದ್ದ, ಅಕ್ಷರ ಮುತ್ತಿನಂತೆ. ಶಾಲೆಯಲ್ಲಿ ಟೀಚರುಗಳಿಗೆ ಅವನೆಂದರೆ ಅಚ್ಚುಮೆಚ್ಚು, "ಇಂಥ ಸಾಧು ಹುಡುಗ ಕ್ಲಾಸಿಗೊಬ್ಬ ಇದ್ರೆ ಸಾಕು" ಅನ್ನುತ್ತಿದ್ದರು. ಮಳೆಗಾಲದಲ್ಲಿ ಉಳಿದ ಮಕ್ಕಳು ಅಂಗಳದ ನೀರಿನಲ್ಲಿ ಕುಣಿಯುತ್ತಿದ್ದರೆ ಇವನು ಬಚ್ಚಲ ಒಲೆಯ ಮುಂದೆ ಮೊಣಕಾಲು ಮಡಚಿ ಕೂತಿರುತ್ತಿದ್ದ. ಎಷ್ಟು ಕೊಬ್ಬರಿ ಎಣ್ಣೆ ಹಚ್ಚಿದರೂ ಮೈ ಒರಟು. ಮೂರು ನಾಲ್ಕು ದಿನಕ್ಕೊಮ್ಮೆ ಕಕ್ಕಸು. ಎರಡು ವರ್ಷದ ಹಿಂದೆ ಹೊಲಿಸಿದ ಯೂನಿಫಾರ್ಮ್ ಚಡ್ಡಿ ಉದ್ದಕ್ಕೆ ಇನ್ನೂ ಸರಿಹೋಗುತ್ತಿತ್ತು, ಸೊಂಟಕ್ಕೆ ಮಾತ್ರ ಬಿಗಿ. ಒಂದೊಂದನ್ನೇ ನೋಡಿದರೆ ಯಾವುದೂ ಕಾಯಿಲೆ ಅನ್ನಿಸುವಂಥದ್ದಲ್ಲ. ಗುಂಡಗಿರುವ ಮಕ್ಕಳು ಆಮೇಲೆ ಎತ್ತರ ಆಗ್ತಾರೆ ಅಂತ ಎಲ್ಲರೂ ಹೇಳುವವರೇ.

ದೀಪಾವಳಿಗೆ ಎಣ್ಣೆ ಹಚ್ಚಿ ನೀರೆರೆದು ಬಂದ ಅಮ್ಮ ನನ್ನನ್ನು ಹಿತ್ತಲಿಗೆ ಕರೆದಳು. "ಹುಡ್ಗನ ಬೀಜ ಎರಡೂ ದೊಡ್ಡ ಆಳಿನ ಹಂಗೆ ಆಗಿದಾವಲ್ಲ ಮಾರಾಯ. ಅಂಡವಾಯು ಎಂತಾದ್ರೂ ಶುರುವಾಗಿದ್ಯಾ ನೋಡು" ಅಂದಳು. ಅವನಿಗೆ ನೋವಿರಲಿಲ್ಲ, ಜ್ವರ ಇರಲಿಲ್ಲ, ಎಲ್ಲೂ ಪೆಟ್ಟು ಬಿದ್ದಿರಲಿಲ್ಲ.

ಮೊದಲು ತೋರಿಸಿದ್ದು ಹತ್ತಿರದ ಊರಿನ ಒಂದು ಆಸ್ಪತ್ರೆಯಲ್ಲಿ. ಹೈಡ್ರೋಸಿಲ್ ಇರಬಹುದೆಂದು ಸ್ಕ್ಯಾನ್ ಮಾಡಿಸಿದರು. ನೀರು ತುಂಬಿರಲಿಲ್ಲ, ಗಂಟಿರಲಿಲ್ಲ. ಎರಡೂ ಕಡೆ ಸಮವಾಗಿ ದೊಡ್ಡದಾಗಿವೆ ಅಂತ ವರದಿ ಬಂತು. ಅಲ್ಲಿಂದ ಮಾತು ಗಡ್ಡೆಯ ಕಡೆ ತಿರುಗಿತು. ಎಎಫ್‌ಪಿ, ಬೀಟಾ ಎಚ್‌ಸಿಜಿ ಅಂತ ಗಡ್ಡೆಯ ಸುಳಿವು ಕೊಡುವ ರಕ್ತ ಪರೀಕ್ಷೆಗಳಾದವು. ಎರಡೂ ಸರಿಯಾಗಿಯೇ ಇದ್ದವು. ಆದರೂ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸುವುದು ಒಳ್ಳೆಯದು ಅಂದರು. ಒಂಬತ್ತು ವರ್ಷದ ಹುಡುಗನ ಬೀಜಕ್ಕೆ ಕತ್ತರಿ ಹಾಕುತ್ತಾರೆ ಅಂದಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಇವನ ಎತ್ತರ ಯಾಕೆ ನಿಂತಿದೆ ಅಂತ ಯಾರೂ ಕೇಳ್ಲೇ ಇಲ್ಲ. ಅದನ್ನ ಕೇಳುವ ಡಾಕ್ಟರ್ ಹತ್ರ ಹೋಗೋಣ." ಮುಂದೆ ಆದದ್ದೆಲ್ಲ ಆ ಒಂದು ಮಾತಿನಿಂದ.

ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದೆವು. ಮಕ್ಕಳ ಹಾರ್ಮೋನು ತಜ್ಞೆ, ನಡುವಯಸ್ಸಿನವರು. ಸ್ಕ್ಯಾನ್ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ಹುಡುಗನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಕುತ್ತಿಗೆ ಮುಟ್ಟಿ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಎಷ್ಟು ನಿಧಾನ ಹಿಂದಕ್ಕೆ ಬರುತ್ತದೆ ಅಂತ ಗಮನಿಸಿದರು. ಆಮೇಲೆ ಡ್ರಾಯರಿನಿಂದ ಒಂದು ಮಣಿಸರ ತೆಗೆದರು. ಮೊಟ್ಟೆಯಾಕಾರದ ಮಣಿಗಳು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ, ಒಂದೊಂದರ ಮೇಲೂ ಅಂಕಿ: 1, 2, 3 ಅಂತ ಶುರುವಾಗಿ 25ರ ತನಕ. ಬೀಜದ ಗಾತ್ರವನ್ನು ಮಿಲಿಲೀಟರಿನಲ್ಲಿ ಅಳೆಯುವ ಸಾಧನ ಅದು. ಸ್ವಿಟ್ಜರ್ಲೆಂಡಿನ ಆಂಡ್ರಿಯಾ ಪ್ರೇಡರ್ ಎಂಬ ಮಕ್ಕಳ ವೈದ್ಯರು ಮಾಡಿದ್ದಂತೆ, ಪ್ರೇಡರ್ ಆರ್ಕಿಡೋಮೀಟರ್ ಅನ್ನುತ್ತಾರೆ. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ಹುಡುಗನ ಬೀಜ ಹಿಡಿದು ಎರಡನ್ನೂ ಹೋಲಿಸಿ ನೋಡುವುದು, ಅಷ್ಟೇ. ಮಗ ನಾಚಿ ಮುಖ ಆಚೆ ತಿರುಗಿಸಿದ. ಅವರು ಅವನ ಶಾಲೆಯ ಹೆಸರು ಕೇಳುತ್ತಾ ಕೇಳುತ್ತಾ ಮುಗಿಸಿಬಿಟ್ಟರು.

"ಹುಡುಗರಿಗೆ 4ನೇ ಮಣಿ ಮುಟ್ಟಿದ್ರೆ ಪ್ರಾಯ ಶುರುವಾಯ್ತು ಅಂತ ಲೆಕ್ಕ. ಇವನದ್ದು 8. ಆದ್ರೆ ನೋಡಿ, ಒಂದು ಕೂದಲಿಲ್ಲ, ಧ್ವನಿ ಒಡೆದಿಲ್ಲ, ಶಿಶ್ನ ಚಿಕ್ಕ ಮಕ್ಕಳದ್ದೇ. ಪ್ರಾಯ ಬಂದಿದ್ರೆ ಎತ್ತರ ಓಡ್ಬೇಕಿತ್ತು, ಇವನದ್ದು ನಿಂತೇ ಹೋಗಿದೆ" ಅಂದರು. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಒಂಬತ್ತು ತುಂಬಿದ ಹುಡುಗನ ಕೈಯ ಮೂಳೆ ಆರು ವರ್ಷದ ಮಗುವಿನಷ್ಟೂ ಬಲಿತಿರಲಿಲ್ಲ. ಅವರ ಮುಖದಲ್ಲಿ ನೆಮ್ಮದಿ ಕಂಡದ್ದು ಆಗಲೇ. ಬೇರೆ ಯಾವ ಕಾರಣಕ್ಕೆ ಅಕಾಲ ಪ್ರಾಯ ಬಂದರೂ ಮೂಳೆ ವಯಸ್ಸಿಗಿಂತ ಮುಂದೆ ಓಡುತ್ತದಂತೆ. ಪ್ರಾಯದ ಲಕ್ಷಣ ಇದ್ದೂ ಮೂಳೆ ಹಿಂದೆ ಬಿದ್ದಿದ್ದರೆ ಅದು ಥೈರಾಯ್ಡ್ ಕೊರತೆಯ ಕೆಲಸ.

ಮರುದಿನ ರಕ್ತದ ವರದಿ ಬಂತು. ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು ಟಿಎಸ್‌ಎಚ್, ಹೆಚ್ಚೆಂದರೆ ನಾಲ್ಕೋ ಐದೋ ಇರಬೇಕಾದದ್ದು 150ಕ್ಕಿಂತ ಹೆಚ್ಚು ಅಂತಿತ್ತು. ಅದಕ್ಕಿಂತ ಮೇಲೆ ಆ ಯಂತ್ರ ಅಳೆಯುವುದೇ ಇಲ್ಲವಂತೆ. ಥೈರಾಯ್ಡ್ ತಯಾರಿಸುವ ಹಾರ್ಮೋನು ಟಿ4 ಪಾತಾಳದಲ್ಲಿ. ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್ ಚಿಕ್ಕ ಮಕ್ಕಳ ಮಟ್ಟದಲ್ಲೇ. ಆಂಟಿ ಟಿಪಿಒ ಅನ್ನುವ ಪ್ರತಿಕಾಯ ಬಹಳ ಏರಿತ್ತು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಥೈರಾಯ್ಡ್ ಗ್ರಂಥಿಯನ್ನು ತಿನ್ನುತ್ತಿತ್ತು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಮೊದಲು ವಿವರಿಸಿದ ಕಾಯಿಲೆ ಇದು. ಅಮ್ಮನಿಗೆ ಉಪ್ಪಿನ ಮೇಲೆ ಅನುಮಾನ. ಅವಳ ಕಾಲದಲ್ಲಿ ಮಲೆನಾಡಿನಲ್ಲಿ ಕುತ್ತಿಗೆ ಊದಿದ ಹೆಂಗಸರನ್ನು ಕಂಡವಳು, ಗಳಗಂಡಕ್ಕೆ ಅಯೋಡಿನ್ ಕೊರತೆ ಕಾರಣ ಅಂತ ಆರೋಗ್ಯ ಇಲಾಖೆಯವರು ಹೇಳಿದ್ದನ್ನು ಕೇಳಿದವಳು. ಮನೆಗೆ ಬರುವುದು ಅಯೋಡಿನ್ ಉಪ್ಪೇ, ಇದು ಉಪ್ಪಿನಿಂದ ಬಂದದ್ದಲ್ಲ ಅಂತ ಅವಳನ್ನು ಒಪ್ಪಿಸಲು ಸ್ವಲ್ಪ ದಿನ ಹಿಡಿಯಿತು.

ಕುತ್ತಿಗೆಯ ಗ್ರಂಥಿ ಸೋತರೆ ಬೀಜ ಯಾಕೆ ಬೆಳೆಯಬೇಕು? ಇದನ್ನು ನಾನು ಆ ಡಾಕ್ಟರ ಹತ್ತಿರ ಮತ್ತೆ ಮತ್ತೆ ಕೇಳಿ ತಿಳಿದುಕೊಂಡೆ. ಅವರು ಬೇಸರಿಸದೆ ಹೇಳಿದರು. ಕಾರಣ ಎರಡು. ಥೈರಾಯ್ಡ್ ಕೆಲಸ ಮಾಡದಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಟಿಎಸ್‌ಎಚ್ ಸುರಿಯುತ್ತದೆ. ಟಿಎಸ್‌ಎಚ್‌ಗೂ ಬೀಜವನ್ನು ಬೆಳೆಸುವ ಎಫ್‌ಎಸ್‌ಎಚ್‌ಗೂ ರಚನೆಯಲ್ಲಿ ಅರ್ಧ ಭಾಗ ಒಂದೇ, ದಾಯಾದಿಗಳು. ಟಿಎಸ್‌ಎಚ್ ಇಷ್ಟು ವಿಪರೀತ ಏರಿದಾಗ ಅದು ಹೋಗಿ ಎಫ್‌ಎಸ್‌ಎಚ್ ಕೂರುವ ಜಾಗವನ್ನೂ ತಟ್ಟಿ ಎಬ್ಬಿಸುತ್ತದೆ. ಟೆಸ್ಟೋಸ್ಟಿರೋನ್ ಉತ್ಪಾದಿಸಲು ಬೇಕಾದ ಎಲ್‌ಎಚ್ ಮಾತ್ರ ಏಳುವುದಿಲ್ಲ. ಹಾಗಾಗಿ ಬೀಜ ದೊಡ್ಡದಾಗುತ್ತದೆ, ಕೂದಲು ಮೀಸೆ ಬರುವುದಿಲ್ಲ. ಹುಡುಗಿಯರಲ್ಲಿ ಇದೇ ಕಾರಣಕ್ಕೆ ಅಕಾಲದಲ್ಲಿ ಎದೆ ಬೆಳೆಯುವುದು, ಮುಟ್ಟಾಗುವುದು ಉಂಟು. ಅದನ್ನು 1960ರಲ್ಲಿ ಅಮೆರಿಕದ ವ್ಯಾನ್ ವೈಕ್ ಮತ್ತು ಗ್ರುಂಬಾಕ್ ಎಂಬ ವೈದ್ಯರು ಬರೆದಿಟ್ಟಿದ್ದರು.

ಎರಡನೆಯ ಕಾರಣ ನನಗೆ ಇನ್ನೂ ಆಳವಾಗಿ ನಾಟಿತು. ಬೀಜದೊಳಗೆ ಸೆರ್ಟೋಲಿ ಕೋಶಗಳಿವೆ. 1865ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ಕಂಡು ಬರೆದದ್ದರಿಂದ ಆ ಹೆಸರು. ಮುಂದೆ ವೀರ್ಯಾಣುಗಳಿಗೆ ಉಣ್ಣಿಸಿ ಬೆಳೆಸುವವು ಇವೇ. ಕಾಫಿ ನರ್ಸರಿಯಲ್ಲಿ ಎಷ್ಟು ಬುಟ್ಟಿ ತುಂಬಿಟ್ಟಿದ್ದೇವೋ ಅಷ್ಟೇ ಸಸಿ ಬರುವುದು, ಆಮೇಲೆ ಎಷ್ಟು ನೀರು ಗೊಬ್ಬರ ಹಾಕಿದರೂ ಬುಟ್ಟಿ ಹೆಚ್ಚಾಗುವುದಿಲ್ಲವಲ್ಲ, ಹಾಗೆ. ಒಂದೊಂದು ಸೆರ್ಟೋಲಿ ಕೋಶ ಇಂತಿಷ್ಟೇ ವೀರ್ಯಾಣುಗಳನ್ನು ಸಾಕಬಲ್ಲದು, ಅವುಗಳ ಸಂಖ್ಯೆ ಪ್ರಾಯ ಬರುವ ಹೊತ್ತಿಗೆ ನಿಂತುಬಿಡುತ್ತದೆ. ಒಡೆದು ಹೆಚ್ಚುತ್ತಾ ಇರುವ ಈ ಕೋಶಗಳಿಗೆ "ಇನ್ನು ಸಾಕು, ಬಲಿಯಿರಿ" ಅಂತ ಹೇಳುವ ಹಾರ್ಮೋನುಗಳಲ್ಲಿ ಥೈರಾಯ್ಡಿನ ಟಿ3 ಮುಖ್ಯವಾದದ್ದು. ಅದು ಇಲ್ಲದಿದ್ದರೆ ಕೋಶಗಳು ಬಲಿಯದೆ ಹೆಚ್ಚುತ್ತಲೇ ಇರುತ್ತವೆ.

ಇದನ್ನು ಇಲಿಗಳಲ್ಲಿ ತೋರಿಸಿದ್ದಾರೆ. 1991ರಲ್ಲಿ ಅಮೆರಿಕದ ಪಾಲ್ ಕುಕ್ ಮತ್ತು ಜೊತೆಯವರು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಕೆಲವು ವಾರ ಮಾತ್ರ ಥೈರಾಯ್ಡ್ ತಗ್ಗಿಸುವ ಔಷಧ ಕೊಟ್ಟು ನಿಲ್ಲಿಸಿದರು. ಅವು ದೊಡ್ಡವಾದಾಗ ಬೀಜ ಸುಮಾರು ಶೇ. 80ರಷ್ಟು ಹೆಚ್ಚು ತೂಗಿದವು, ದಿನದ ವೀರ್ಯಾಣು ಉತ್ಪಾದನೆ ದುಪ್ಪಟ್ಟಿಗೂ ಮೀರಿತು. ಅದರ ಬದಲು ಮರಿಗಳಿಗೆ ಹುಟ್ಟುತ್ತಲೇ ಥೈರಾಯ್ಡ್ ಹಾರ್ಮೋನು ಹೆಚ್ಚಾಗಿ ಕೊಟ್ಟರೆ ಉಲ್ಟಾ: ಸೆರ್ಟೋಲಿ ಕೋಶ ಬೇಗ ನಿಂತು ಬೀಜ ಚಿಕ್ಕದಾಗೇ ಉಳಿಯುತ್ತದೆ. ಇದನ್ನು ಕೇಳಿ ನನ್ನ ಬಾಯಿಂದ "ಹಾಗಾದ್ರೆ ಇವನಿಗೆ ಒಳ್ಳೇದೇ ಆಯ್ತಾ ಮೇಡಂ?" ಅಂತ ಬಂತು. ಅವರು ತಲೆ ಅಲ್ಲಾಡಿಸಿದರು. "ಇಲಿಯ ಲೆಕ್ಕ ಇಲಿಗೆ. ಮಾತ್ರೆ ಕೊಡದೆ ಬಿಟ್ರೆ ಇವನು ಕುಳ್ಳಗೇ ಉಳೀತಾನೆ, ನಿಜವಾದ ಪ್ರಾಯ ತಡವಾಗುತ್ತೆ, ದೊಡ್ಡವನಾದ್ಮೇಲೆ ಸಂಸಾರಕ್ಕೂ ತೊಂದರೆ. ಗಾತ್ರ ನೋಡಿ ಸಮಾಧಾನ ಪಡ್ಬೇಡಿ."

ಮೆದುಳಿನ ಎಂಆರ್‌ಐ ಕೂಡ ಆಯಿತು. ಪಿಟ್ಯುಟರಿ ಊದಿತ್ತು. ವರದಿಯಲ್ಲಿ ಗಡ್ಡೆಯ ಸಾಧ್ಯತೆ ಅಂತ ಇದ್ದದ್ದನ್ನು ಓದಿ ನಾವು ಮತ್ತೆ ಕುಸಿದೆವು. ಡಾಕ್ಟರು ಮಾತ್ರ ಅಳುಕಲಿಲ್ಲ. ಟಿಎಸ್‌ಎಚ್ ಸುರಿದೂ ಸುರಿದೂ ಗ್ರಂಥಿ ದಪ್ಪವಾಗಿದೆ, ಥೈರಾಯ್ಡ್ ಮಾತ್ರೆಗೆ ಇಳಿಯುತ್ತದೆ, ಯಾರು ಆಪರೇಷನ್ ಅಂದರೂ ಒಪ್ಪಬೇಡಿ ಅಂದರು. ಮುಂದಿನ ವರ್ಷದ ಎಂಆರ್‌ಐನಲ್ಲಿ ಅದು ಇಳಿದೇ ಇತ್ತು.

ಮಾತ್ರೆ ಲಿವೊಥೈರಾಕ್ಸಿನ್. ಇಷ್ಟು ದಿನ ಹಾರ್ಮೋನೇ ಕಾಣದ ದೇಹಕ್ಕೆ ಒಮ್ಮೆಲೇ ಪೂರ್ತಿ ಕೊಡಬಾರದೆಂದು 25 ಮೈಕ್ರೋಗ್ರಾಮಿನಿಂದ ಶುರು ಮಾಡಿ ಮೆಲ್ಲಗೆ ಏರಿಸಿದರು. ತಲೆನೋವು, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಫೋನ್ ಮಾಡಿ ಅಂದಿದ್ದರು. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಬೇಕು, ಅರ್ಧ ಮುಕ್ಕಾಲು ಗಂಟೆ ಹಾಲೂ ಇಲ್ಲ, ಕಾಫಿಯೂ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ. ನಮ್ಮ ಕಡೆ ಮಕ್ಕಳೂ ಎದ್ದ ಕೂಡಲೇ ಹಾಲು ಕಾಫಿ ಕುಡಿಯುವವರು. ಅಮ್ಮ ಲೋಟ ಹಿಡಿದು ಬರುವ ಮೊದಲೇ ಮಾತ್ರೆ ಬಾಯಿಗೆ ಹೋಗುವ ಹಾಗೆ ಬಾಟಲಿಯನ್ನು ಅವನ ಹಾಸಿಗೆ ಪಕ್ಕದ ಗೂಡಿನಲ್ಲಿಟ್ಟೆವು. ಮಲೆನಾಡಿನವರಿಗೆ ಒಂದು ಮಾತು: ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗದು. ಅಡುಗೆಮನೆಯ ಒಲೆಯ ಪಕ್ಕ ಇಡಬೇಡಿ, ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ. ಆರರಿಂದ ಎಂಟು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿ ಡೋಸು ತಿದ್ದುತ್ತಿದ್ದರು.

ಮೊದಲು ಬದಲಾದದ್ದು ಅವನ ಸ್ವಭಾವ. ಕೂತಲ್ಲಿ ಕೂರುತ್ತಿದ್ದ ಹುಡುಗ ಗೇಟು ಹತ್ತಿ ಹಾರತೊಡಗಿದ. ಎದುರು ಮಾತು, ತಂಗಿಯ ಜಡೆ ಎಳೆಯುವುದು, ಹೋಂವರ್ಕ್ ಅರ್ಧ. ಆ ಮುತ್ತಿನ ಅಕ್ಷರವೂ ಸ್ವಲ್ಪ ಕೆಟ್ಟಿತು. ಟೀಚರು ನನ್ನನ್ನು ಕರೆಸಿ ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಕೇಳಿದರು. ಇದು ಹೀಗೆಯೇ ಆಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿಟ್ಟಿದ್ದರಿಂದ ನಮಗೆ ಗಾಬರಿಯಾಗಲಿಲ್ಲ, ಸಂತೋಷವೇ ಆಯಿತು. ಒಳಗೊಳಗೇ ಚಳಿ ಹಿಡಿದು ಕೂತಿದ್ದ ಮಗು ಅದು, ಮೈಯಲ್ಲಿ ಕಸುವು ಬಂದಿತ್ತು. ಆ ವರ್ಷ ಅವನು ಬೆಳೆದ ಎತ್ತರಕ್ಕೆ ಎರಡು ಸಲ ಯೂನಿಫಾರ್ಮ್ ಹೊಲಿಸಿದೆವು. ಕಳೆದುಹೋದ ವರ್ಷಗಳ ಎತ್ತರವೆಲ್ಲ ವಾಪಸು ಬರುತ್ತದೆ ಅಂತ ಮಾತ್ರ ಅವರು ಭರವಸೆ ಕೊಡಲಿಲ್ಲ. ಮೂಳೆಯೂ ಜೊತೆಗೇ ವೇಗವಾಗಿ ಬಲಿಯುತ್ತದೆ, ಅದಕ್ಕೇ ಬೇಗ ಹಿಡಿಯಬೇಕಾದದ್ದು. ಬೀಜ ಬೆಳೆಯುವುದು ನಿಂತಿತು, ನಿಧಾನಕ್ಕೆ ಕೊಂಚ ಇಳಿಯಿತು.

ಇನ್ನು ತಮ್ಮನ ವಿಷಯ. ಇಂಥ ಕಾಯಿಲೆ ಮನೆತನದಲ್ಲಿ ಹರಿದು ಬರುವುದುಂಟು, ಒಬ್ಬರಿಗೆ ಕಡಿಮೆ ಆದರೆ ಇನ್ನೊಬ್ಬರಿಗೆ ಹೆಚ್ಚಾಗಲೂಬಹುದು, ಹತ್ತಿರದವರೆಲ್ಲ ಒಮ್ಮೆ ಟಿಎಸ್‌ಎಚ್ ನೋಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿದ್ದರು. ನನ್ನದು, ಹೆಂಡತಿಯದು, ಮಗಳದು ಸರಿಯಿತ್ತು. ತಮ್ಮನಿಗೆ ಹಾಸನದಲ್ಲಿ ಗೊಬ್ಬರದ ಅಂಗಡಿ. ಮಕ್ಕಳಾಗದ್ದಕ್ಕೆ ಅವನ ಹೆಂಡತಿ ಪಟ್ಟ ಪಾಡು ನಮಗೆಲ್ಲ ಗೊತ್ತು. ಅವಳ ಫೈಲು ನನ್ನ ಬೆರಳಿನಷ್ಟು ದಪ್ಪ: ಗರ್ಭನಾಳಕ್ಕೆ ಬಣ್ಣ ಹಾಕಿದ ಎಕ್ಸ್‌ರೇ, ತಿಂಗಳ ತಿಂಗಳ ಸ್ಕ್ಯಾನು, ಹಾರ್ಮೋನುಗಳು. ಅವಳ ಟಿಎಸ್‌ಎಚ್ಚನ್ನೇ ಬೇರೆ ಬೇರೆ ಕಡೆ ಮೂರು ಸಲ ನೋಡಿದ್ದರು. ತಮ್ಮನದು ಒಂದೇ ಹಾಳೆ, ವೀರ್ಯ ಪರೀಕ್ಷೆಯದು. ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 38 ಮಿಲಿಯನ್, ಅಂದರೆ ಚೆನ್ನಾಗಿಯೇ ಇತ್ತು. ಮುಂದಕ್ಕೆ ಈಜುವವು ಮಾತ್ರ ಶೇ. 11. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಶೇ. 30. ಅದಕ್ಕೆ ಶಕ್ತಿಯ ಪುಡಿ ಅಂತ ಒಂದು ಡಬ್ಬಿ ಬರೆದುಕೊಟ್ಟು ಕಳಿಸಿದ್ದರು. ಅವನ ಟಿಎಸ್‌ಎಚ್ ನೋಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಇದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ನಾನು ಅಂಗಡಿಗೆ ಹೋದಾಗ ಅವನು ಗಿರಾಕಿಗೆ ನೋಟು ಎಣಿಸಿ ಕೊಡುತ್ತಿದ್ದ. ನೋಟಿನ ಅಂಚು ಸಣ್ಣಗೆ ನಡುಗುತ್ತಿತ್ತು. ಬಿಲ್ಲಿನ ಮೇಲೆ ಅಕ್ಷರ ಹಾವಾಡಿದ ಹಾಗೆ. ಚಳಿಗಾಲದಲ್ಲೂ ಅಂಗಿಯ ಬೆನ್ನು ಒದ್ದೆ. ಊಟ ಜೋರಾಗಿಯೇ ಮಾಡುತ್ತಿದ್ದ, ಆದರೂ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. "ವ್ಯಾಪಾರದ ಟೆನ್ಷನ್ ಅಣ್ಣ" ಅಂದ. ನಾನು ಅಲ್ಲಿಂದಲೇ ಲ್ಯಾಬಿಗೆ ಕರೆದುಕೊಂಡು ಹೋದೆ. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ, ಟಿ4 ದುಪ್ಪಟ್ಟು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ. ಮಗನಿಗೆ ಆರಿಹೋಗಿದ್ದ ಒಲೆ ಇವನಲ್ಲಿ ಹೊತ್ತಿ ಉರಿಯುತ್ತಿತ್ತು.

ಅವನನ್ನು ನೋಡಿದ ಹಾರ್ಮೋನು ತಜ್ಞರು ವಿವರಿಸಿದ್ದು ಹೀಗೆ. ಥೈರಾಯ್ಡ್ ಹೆಚ್ಚಾದಾಗ ಲಿವರು ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ, ಅದು ಟೆಸ್ಟೋಸ್ಟಿರೋನನ್ನು ಹಿಡಿದಿಟ್ಟುಕೊಳ್ಳುತ್ತದೆ. ವರದಿಯಲ್ಲಿ ಒಟ್ಟು ಟೆಸ್ಟೋಸ್ಟಿರೋನ್ ಜೋರಾಗಿ ಕಾಣುತ್ತದೆ, ಕೆಲಸಕ್ಕೆ ಸಿಗುವ ಭಾಗ ಹೆಚ್ಚಿರುವುದಿಲ್ಲ. ಜೊತೆಗೆ ಹೆಣ್ಣು ಹಾರ್ಮೋನು ಏರುತ್ತದೆ. ಎದೆ ಮುಟ್ಟಿದರೆ ನೋಯುತ್ತಾ ಅಂತ ಅವರು ಕೇಳಿದಾಗ ತಮ್ಮ ತಲೆ ತಗ್ಗಿಸಿ ಹೂಂ ಅಂದ. ಹೆಂಡತಿಗೂ ಹೇಳಿರಲಿಲ್ಲವಂತೆ. ಶೀಘ್ರಸ್ಖಲನವೂ ಇಂಥವರಲ್ಲಿ ಬಹಳ ಅಂತ ಅವರೇ ಮುಂದಾಗಿ ಹೇಳಿದರು. 2005ರಲ್ಲಿ ಇಟಲಿಯ ವೈದ್ಯರು ನೋಡಿದ ಥೈರಾಯ್ಡ್ ಹೆಚ್ಚಿದ್ದ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಆ ತೊಂದರೆ ಇತ್ತು, ಚಿಕಿತ್ಸೆಯಾದ ಮೇಲೆ ಅದು ಶೇ. 15ಕ್ಕೆ ಇಳಿಯಿತು. ಥೈರಾಯ್ಡ್ ಕಡಿಮೆಯಾದವರಲ್ಲಿ ಆಸಕ್ತಿ ಕುಗ್ಗುವುದು, ನಿಮಿರು ಸಾಲದಿರುವುದು, ವೀರ್ಯಾಣುವಿನ ಆಕಾರ ಕೆಡುವುದು ಹೆಚ್ಚಂತೆ. ಎರಡೂ ಬಗೆಯಲ್ಲಿ ಹಾರ್ಮೋನು ಹದಕ್ಕೆ ಬಂದರೆ ಬಹುಮಟ್ಟಿಗೆ ಸುಧಾರಿಸುತ್ತದೆ.

ಅವನಿಗೆ ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬರೆದರು. ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತದ ಬಿಳಿಕಣ ನೋಡಿಸಬೇಕು ಅಂತ ಒತ್ತಿ ಹೇಳಿದರು. ವಿಕಿರಣ ಅಯೋಡಿನ್ ಚಿಕಿತ್ಸೆಯೂ ಇದೆ, ಆದರೆ ಅದಾದ ಮೇಲೆ ಗಂಡಸರೂ ಕೆಲವು ತಿಂಗಳು ಮಗುವಿನ ಪ್ರಯತ್ನ ಮುಂದೂಡಬೇಕು. ಅದಕ್ಕೇ ಅವರಿಬ್ಬರೂ ಮಾತ್ರೆಯನ್ನೇ ಆರಿಸಿಕೊಂಡರು. ತಮ್ಮನಿಗೆ ಅವಸರ, ತಿಂಗಳಲ್ಲೇ ಮತ್ತೆ ವೀರ್ಯ ಪರೀಕ್ಷೆ ಮಾಡಿಸುತ್ತೇನೆ ಅಂದ. ಡಾಕ್ಟರು ತಡೆದರು. ಒಂದು ವೀರ್ಯಾಣು ತಯಾರಾಗಲು 74 ದಿನದಷ್ಟು ಬೇಕು, ಬಲಿತು ಹೊರಬರಲು ಇನ್ನೂ ಒಂದೆರಡು ವಾರ. ಹಾರ್ಮೋನು ಹದಕ್ಕೆ ಬಂದು ಮೂರು ತಿಂಗಳಾಗುವ ಮೊದಲು ಪರೀಕ್ಷಿಸಿದರೆ ಕಾಯಿಲೆಯ ದಿನಗಳಲ್ಲಿ ಹುಟ್ಟಿದವೇ ಸಿಗುತ್ತವೆ.

ಕಾದು ಮಾಡಿಸಿದ ವರದಿಯಲ್ಲಿ ಮುಂದಕ್ಕೆ ಈಜುವವು ಶೇ. 34 ಇದ್ದವು. ಮಗು ಇನ್ನೂ ಆಗಿಲ್ಲ. ಆದರೆ ಹೆಂಡತಿಗೆ ಹೇಳಿದ್ದ ಲ್ಯಾಪರೋಸ್ಕೋಪಿಯನ್ನು ಈಗ ಬೇಡವೆಂದು ಮುಂದಕ್ಕೆ ಹಾಕಿದ್ದಾರೆ. ಹಬ್ಬಕ್ಕೆ ಬಂದಾಗ ಅಮ್ಮ ಸೊಸೆಯನ್ನು ಪ್ರಶ್ನೆ ಕೇಳುವುದು ಬಿಟ್ಟು ಮಗನಿಗೇ ಮಾತ್ರೆ ತಗೊಂಡ್ಯಾ ಅಂತ ಕೇಳುತ್ತಾಳೆ.

ನನ್ನ ಮಗನಿಗೆ ಈಗ ಹದಿಮೂರು. ಟಿಎಸ್‌ಎಚ್ 2.6. ಹೋದ ಭೇಟಿಯಲ್ಲಿ ಮಣಿಸರದಲ್ಲಿ ಅವನದ್ದು 12 ಆಗಿತ್ತು, ಈ ಸಲ ಕೂದಲು ಬಂದಿದೆ, ಟೆಸ್ಟೋಸ್ಟಿರೋನ್ ಏರಿದೆ. ಇದು ನಿಜವಾದ ಪ್ರಾಯ, ಹೊತ್ತಿಗೆ ಸರಿಯಾಗಿ ಬಂದದ್ದು. ಮುಂದೆ ಮಕ್ಕಳಾಗುತ್ತವಾ ಅಂತ ಕೇಳಿದ್ದಕ್ಕೆ ಡಾಕ್ಟರು, ಮಾತ್ರೆ ತಪ್ಪದೆ ತಗೊಂಡರೆ ಆಗದಿರಲು ಕಾರಣ ಕಾಣುವುದಿಲ್ಲ, ವೀರ್ಯ ಪರೀಕ್ಷೆ ಬೇಕೋ ಬೇಡವೋ ದೊಡ್ಡವನಾದ ಮೇಲೆ ಅವನೇ ನಿರ್ಧರಿಸಲಿ ಅಂದರು. ಮಗ ಪಕ್ಕದಲ್ಲೇ ಕೂತಿದ್ದ. ಅವನನ್ನು ಹೊರಗೆ ಕಳಿಸಿ ಮಾತಾಡುವುದನ್ನು ನಾವು ನಿಲ್ಲಿಸಿದ್ದೇವೆ. ಮನೆಗೆ ಬರುವ ದಾರಿಯಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಅವನು ಕೇಳಿದ, "ಅಪ್ಪ, ಸೆರ್ಟೋಲಿ ಸೆಲ್ ಈಗ ನನ್ನಲ್ಲಿ ಹೆಚ್ಚಾಗೋದು ನಿಂತಿರುತ್ತಲ್ಲಾ?" ನಿಂತಿರುತ್ತದೆ ಮಗ, ಅಂದೆ. ಅವನು ಇನ್ನೊಂದು ದೋಸೆ ಹೇಳಿದ.